ಒಂದೇ ಪಟದಲ್ಲಿ ಇಡೀ ಗ್ರಹಣ

ಹೊಸಕೋಟೆ ಪಕ್ಕದ ನಮ್ಮೂರಿನಲ್ಲಿ ಕ್ಯಾಮೆರಾ ಇದ್ದದ್ದು ಅಪ್ಪಯ್ಯಣ್ಣನ ಹತ್ತಿರ ಮಾತ್ರ. ಮದುವೆಯಲ್ಲಿ ಮಾವ ವೆಂಕಟರಾಯಪ್ಪ ವಾಚಿನ ಬದಲು ಕೊಟ್ಟ ಡಬ್ಬಿ ಕ್ಯಾಮೆರಾ. ನಾದಿನಿಯ ಮದುವೆಯಲ್ಲಿ ಮದುಮಗನ ಪಟ ತೆಗೆದವನು ರೀಲು ಸುತ್ತುವುದನ್ನೇ ಮರೆತ. ಮಾರನೆಯ ದಿನ ಹಿತ್ತಲ ಎಮ್ಮೆಯನ್ನೂ ಅದೇ ಪಟದ ಮೇಲೇ ತೆಗೆದ. ತೊಳೆಸಿ ನೋಡಿದರೆ ಮದುಮಗನ ಹೆಗಲ ಮೇಲೆ ಎಮ್ಮೆಯ ಮುಖ! ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು.

ಮಾವ ಮಾತ್ರ ನಗಲಿಲ್ಲ. "ಇನ್ನೊಂದು ಸಲ ಹಿಂಗಾದ್ರೆ ಕ್ಯಾಮೆರಾನ ಕಿರಿ ಅಳಿಯಂಗೇ ಕೊಟ್ಬಿಡ್ತೀನಿ" ಎಂದರು. ಅಪ್ಪಯ್ಯಣ್ಣನಿಗೆ ಜೀವವೇ ಹೋದಂತಾಯಿತು. ಹೊಲ, ತೋಟ ಯಾವುದರ ಮೇಲೂ ಇರದ ಹುಚ್ಚು ಅವನಿಗೆ ಆ ಡಬ್ಬಿಯ ಮೇಲಿತ್ತು.

ಎಪ್ಪತ್ನಾಲ್ಕರ ಕಾರ್ತಿಕ ಹುಣ್ಣಿಮೆಗೆ ಚಂದ್ರಗ್ರಹಣ ಬಂತು. ಅವತ್ತೇ ಮಾವನೂ ಬಂದಿದ್ದರು. ರೀಲಿನಲ್ಲಿ ಉಳಿದದ್ದು ಒಂದೇ ಪಟ. ಅದರಲ್ಲಿ ಯಾವ ಚಂದ್ರನನ್ನು ಹಿಡಿಯುವುದು? ಅಪ್ಪಯ್ಯಣ್ಣನಿಗೆ ಆ ಎಮ್ಮೆ ನೆನಪಾಯಿತು. ರೀಲು ಸುತ್ತದೆ, ಕ್ಯಾಮೆರಾ ಅಲುಗಿಸದೆ ಮತ್ತೆ ಮತ್ತೆ ತೆಗೆದರೆ, ಚಂದ್ರ ತಾನೇ ಮೇಲಕ್ಕೆ ಜರುಗುತ್ತಾ ಒಂದರ ಪಕ್ಕ ಒಂದು ಬೀಳಬೇಕಲ್ಲ!

ಅಲುಗದಂತೆ ಇಡುವ ದಾರಿ ಹೆಂಡತಿ ಲಕ್ಷ್ಮೀದೇವಮ್ಮ ಕಂಡುಕೊಂಡಳು. ಕೊಳಗದ ತುಂಬ ರಾಗಿ ತಂದು ಅಂಗಳದಲ್ಲಿಟ್ಟಳು. ಕ್ಯಾಮೆರಾ ಅದರೊಳಗೆ ಓರೆಯಾಗಿ ಹೂತು ಕೂತಿತು.

"ಗ್ರಹಣದಾಗೆ ಕಾಳು ಮುಟ್ತಾರೇನಮ್ಮಾ?" ಮಾವ ಸಿಡುಕಿದರು.

"ದರ್ಭೆ ಸಿಕ್ಸಿದೀನಿ ಬಿಡಪ್ಪಾ" ಎಂದಳು ಮಗಳು.

ಚಂದ್ರ ಸವೆದಂತೆಲ್ಲ ಅಪ್ಪಯ್ಯಣ್ಣ ಆಗೊಮ್ಮೆ ಈಗೊಮ್ಮೆ ಗುಂಡಿ ಒತ್ತಿದ. ಪೂರ್ತಿ ಕೆಂಪಾದಾಗ ಬೆಳಕು ಸಾಲದೆಂದು ಬಿಡದೆ ಒತ್ತಿ ಹಿಡಿದ. ಪಕ್ಕದಲ್ಲಿ ಮಾವ ಜಪಸರ ಹಿಡಿದು ರಾಮ ರಾಮ ಎಂದು ಜಪ ಮಾಡುತ್ತಿದ್ದರು. ಇವನು ಆ ಜಪ ಒಂದು ಸುತ್ತು ಮುಗಿದ ಮೇಲೇ ಬೆರಳು ತೆಗೆದ.

ಹೊಸಕೋಟೆಯ ಸ್ಟುಡಿಯೋಗೆ ಮಾವನೂ ಬಂದರು, ಕ್ಯಾಮೆರಾ ಕಸಿದುಕೊಳ್ಳುವ ಉಮೇದಿನಲ್ಲೇ ಇರಬೇಕು. ನಾನೂ ಜೊತೆಗಿದ್ದೆ. ಪಟ ಕೈಗೆ ಬಂತು. ಕಪ್ಪು ಆಕಾಶದಲ್ಲಿ ಹುರುಳಿ ಕಾಳಿನಷ್ಟು ಚಂದ್ರರ ಸಾಲು! ಕೆಳಗೆ ತುಂಬಿದ ಚಂದ್ರ, ಆಮೇಲೆ ಕಚ್ಚಿದ ಚಂದ್ರ, ಕುಡುಗೋಲಾದ ಚಂದ್ರ, ಮಸುಕಾಗಿ ಗ್ರಹಣ ಹಿಡಿದ ಚಂದ್ರ, ತುದಿಯಲ್ಲಿ ಮತ್ತೆ ಅಂಚು ಬೆಳಗಿಸಿಕೊಂಡ ಚಂದ್ರ. ಸ್ಟುಡಿಯೋದವನು ಬೀದಿಯವರನ್ನೆಲ್ಲ ಕೂಗಿ ಕರೆದ. ಅಪ್ಪಯ್ಯಣ್ಣನ ಮುಖ ನೋಡಬೇಕಿತ್ತು! ನನಗಂತೂ ಹೆಮ್ಮೆಯಿಂದ ಎದೆಯುಬ್ಬಿತು.

ವೆಂಕಟರಾಯಪ್ಪ ಪಟವನ್ನು ಹೆಗಲ ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದೇಬಿಟ್ಟರು.

"ಮಾವಾ, ಪಟ..." ಎಂದ ಅಪ್ಪಯ್ಯಣ್ಣ.

"ಕ್ಯಾಮೆರಾ ನೀವೇ ಇಟ್ಕಳಿ ಅಳಿಯಂದ್ರೇ," ಅವರು ತಿರುಗಿಯೂ ನೋಡಲಿಲ್ಲ. "ಈ ಪಟ ನಂದು."