ಎತ್ತಿನ ಬಾಯೊಳಗಿನ ಮುಳ್ಳು

ಸೃಷ್ಟಿ ಮಾಡಿದವನಿಗೆ ಯಾವುದನ್ನೂ ನುಣ್ಣಗೆ ಬಿಡಲು ಮನಸ್ಸಾಗಲಿಲ್ಲವೆಂದು ಕಾಣುತ್ತದೆ. ಹಾಗಲಕಾಯಿಗೆ ಮೈತುಂಬ ಗಂಟು, ಹುಂಜಕ್ಕೆ ನೆತ್ತಿಯ ಮೇಲೆ ಜುಟ್ಟು, ಮೇಕೆಯ ಕೊರಳಿಗೆ ಹಾಲಿಲ್ಲದ ಮೊಲೆ, ನಮ್ಮತ್ತೆಯ ಗಲ್ಲಕ್ಕೆ ನರೂಲಿ. ಎತ್ತಿನ ಕೆನ್ನೆಯ ಒಳಗಿರುವ ಮುಳ್ಳುಗಳ ಮಾತು ಮಾತ್ರ ಬೇರೆ. ಅವು ಮಾಂಸದ ಮುಳ್ಳುಗಳು, ಗಂಟಲ ಕಡೆಗೇ ಬಾಗಿರುತ್ತವೆ. ಬಾಯಿಗೆ ಹೋದ ಹುಲ್ಲು ಹೊರಗೆ ಜಾರದಂತೆ ಹಿಡಿಯುವುದು ಅವುಗಳ ಕೆಲಸ. ತಾಯಿ ಸತ್ತ ಕರುವೊಂದಕ್ಕೆ ಗಂಜಿಯಲ್ಲಿ ಅದ್ದಿದ ಬೆರಳು ಚೀಪಿಸಿ ಸಾಕಿದವಳು ನಾನು. ಹಾಗಾಗಿ ಆ ಮುಳ್ಳು ನನಗೆ ಹೊಸದಲ್ಲ.

ಆ ಕರು ಬೆಳೆದು ಎತ್ತಾಗುವ ಹೊತ್ತಿಗೆ ಪಟ್ಟಣದಲ್ಲಿ ಮತ್ತೆ ಯುದ್ಧದ ಮಾತು. ಸುಲ್ತಾನರ ಫಿರಂಗಿ ಎಳೆಯಲು ಎತ್ತು ಬೇಕಂತೆ. ಹಿರೋಡೆಯ ಸುತ್ತಿನ ಕೊಟ್ಟಿಗೆಗಳೆಲ್ಲ ಬರಿದಾದ ಮೇಲೆ, ಎತ್ತು ಆರಿಸುವ ಅಧಿಕಾರಿ ದೇವಲಾಪುರದ ಪಕ್ಕದ ನಮ್ಮ ಊರಿಗೂ ದಯಮಾಡಿಸಿದ. ವಯಸ್ಸು ತಿಳಿಯಲು ತುಟಿ ಎತ್ತಿ ಹಲ್ಲು ನೋಡುವಷ್ಟು ವಿದ್ಯೆ ಅವನಿಗಿತ್ತು. ಅದರಾಚೆಗೆ ಇಣುಕಿದವನಲ್ಲ.

ನಮ್ಮ ಯಜಮಾನರು ಊರಿಗೇ ಬುದ್ಧಿವಂತರು. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಎತ್ತನ್ನು ಉಳಿಸಿಕೊಳ್ಳಲು ಅದರ ಬಾಯನ್ನು ಅಗಲಿಸಿ ಹಿಡಿದರು.

“ನೋಡಿ ಬುದ್ಧಿ, ಒಳ್ಗೆಲ್ಲಾ ಮುಳ್ಳು ಎದ್ಬುಟ್ಟವೆ. ನಾಳೆ ದಂಡಿನ ಎತ್ಗೆಲ್ಲಾ ಅಂಟ್ಕಂಡ್ರೆ ನನ್ನ ಕೇಳ್ಬೇಡಿ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಆ ಅಧಿಕಾರಿ. ಬೆಚ್ಚಿ ಹಿಂದೆ ಸರಿದ. ಯಜಮಾನರು ನನ್ನ ಕಡೆ ನೋಡಿ ಮೀಸೆ ತಿರುವಿದರು. ಆದರೆ ನಂಬಿದವನು ಅಷ್ಟಕ್ಕೇ ಬಿಡಬೇಕಲ್ಲ. ಇಷ್ಟು ಒಳ್ಳೆಯ ಎತ್ತನ್ನು ರೋಗಕ್ಕೆ ಬಿಡುವುದುಂಟೇ ಎಂದು ಕನಿಕರಪಟ್ಟು, ಕುರಿಯ ಉಣ್ಣೆ ಕತ್ತರಿಸುವವನನ್ನು ಕರೆಸಿದ. ಮುಳ್ಳೆಲ್ಲ ಕತ್ತರಿಸಲಿ, ಗಾಯ ಮಾಗಿದ ಮೇಲೆ ತಾನೇ ಬಂದು ಒಯ್ಯುತ್ತೇನೆ ಎಂದ.

ಇದು ಎಲ್ಲ ದನಕ್ಕೂ ಇರುವುದೇ ಎಂದು ಯಜಮಾನರು ಆಗಲಾದರೂ ಹೇಳಬಹುದಿತ್ತು. ಎತ್ತು ಹೋಗುತ್ತಿತ್ತು, ಅದರ ಬಾಯಾದರೂ ಉಳಿಯುತ್ತಿತ್ತು. ಆದರೆ ದಂಡಿನವರಿಗೆ ಸುಳ್ಳು ಹೇಳಿದರೆ ಮೂಗು ಕೊಯ್ಯುತ್ತಾರೆಂಬ ಭಯ ಊರಲ್ಲೆಲ್ಲ ಇತ್ತು. ಮೂಗೂ ಮುಖದ ಮೇಲೆ ಎದ್ದಿರುವ ಒಂದು ಗುಬುಟು ತಾನೇ? ಯಜಮಾನರಿಗೆ ಅದರ ಮೇಲೆ ಬಲು ಪ್ರೀತಿ. ನಾನು ಬಾಯಿ ತೆರೆಯುವಷ್ಟರಲ್ಲಿ “ಸುಮ್ಕಿರಮ್ಮಿ” ಎಂದು ಗದರಿದರು.

ನಾಲ್ಕು ಜನ ಎತ್ತನ್ನು ಕೆಡವಿ ಹಿಡಿದರು. ಕತ್ತರಿಯವನು ಬಹಳ ಶ್ರದ್ಧೆಯ ಮನುಷ್ಯ, ಒಂದು ಮುಳ್ಳನ್ನೂ ಬಿಡಲಿಲ್ಲ.

ಗಾಯವೇನೋ ಮಾಗಿತು. ಆದರೆ ಅಗಿದ ಹುಲ್ಲು ಎರಡೂ ಕಡೆಯಿಂದ ನೆಲಕ್ಕೆ ಬೀಳುತ್ತಿತ್ತು. ಎತ್ತು ಬಿದ್ದದ್ದನ್ನು ಮತ್ತೆ ಬಾಯಿಗೆ ತೆಗೆದುಕೊಳ್ಳುವುದು, ಅದು ಮತ್ತೆ ಬೀಳುವುದು. ನೋಡಲಾರದೆ ರಾಗಿಹಿಟ್ಟನ್ನು ನೆನೆಸಿ ಉಂಡೆ ಕಟ್ಟಿ, ಕೈಯನ್ನೇ ಗಂಟಲವರೆಗೆ ತೂರಿಸಿ ತಿನ್ನಿಸತೊಡಗಿದೆ. ಹಾಗೆ ಬದುಕಿತು. ಮೈಯೂ ತುಂಬಿಕೊಂಡಿತು, ಅದೇ ತಪ್ಪಾಯಿತು.

ಮಾತು ತಪ್ಪದ ಅಧಿಕಾರಿ ಮತ್ತೆ ಬಂದ. ಕೆನ್ನೆಯೊಳಗೆ ಬೆರಳಾಡಿಸಿ, ಎಷ್ಟು ನುಣುಪು ಎಂದು ಮೆಚ್ಚಿಕೊಂಡ. ಹಗ್ಗ ಹಿಡಿದ ಆಳಿನ ಹಿಂದೆ ನಾನು ಓಡಿದೆ.

“ಅಣ್ಣಾ, ಇದ್ಕೆ ಉಲ್ಲು ನಿಲ್ಲಕಿಲ್ಲ. ಇಂಗೆ ಉಂಡೆ ಮಾಡಿ ಕೈಲೇ ತಿನ್ನಿಸ್ಬೇಕು.”

ಆಗಲಿ ಎಂದು ತಲೆಯಾಡಿಸಿದ. ದಾರಿಗೆಂದು ಮಾಡಿದ್ದ ಉಂಡೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟೆ. ಕೆರೆ ಏರಿ ಹತ್ತುವಾಗ ನೋಡುತ್ತೇನೆ, ಗಂಟು ಬಿಚ್ಚಿಕೊಂಡು ಅವನೇ ತಿನ್ನುತ್ತಾ ಹೋಗುತ್ತಿದ್ದ.