ನಾನು ಒತ್ತಿದ ಬಟನ್ನು

ಹೋದ ತಿಂಗಳು ಮಗಳ ಲ್ಯಾಪ್‌ಟಾಪು ಅಪ್‌ಗ್ರೇಡ್ ಆಗುತ್ತಿರುವಾಗಲೇ ಚಾರ್ಜ್ ಮುಗಿದು ಆರಿಹೋಯಿತು. ಮತ್ತೆ ಹಾಕಿದರೆ ಕಪ್ಪು ಪರದೆ, ಮೂಲೆಯಲ್ಲಿ ನಾಲ್ಕು ಸಾಲು ಬಿಳಿ ಅಕ್ಷರ, ಅಷ್ಟೇ. ಪೆನ್‌ಡ್ರೈವಿನಿಂದ ಅದನ್ನು ಎಬ್ಬಿಸಿ, ಮೊದಲು ಅವಳ ಫೈಲುಗಳನ್ನು ಬೇರೆ ಕಡೆ ಇಳಿಸಿ, ಆಮೇಲೆ ಅರ್ಧಕ್ಕೆ ನಿಂತಿದ್ದ ಕೆಲಸ ಮುಗಿಸಿಕೊಟ್ಟೆ. "ಅಮ್ಮಾ, ಇದೆಲ್ಲ ನಿಂಗೆ ಯಾರು ಕಲಿಸಿದ್ದು?" ಅಂದಳು. ಒಬ್ಬರು ಅಕ್ಕ ಇದ್ರು ಅಂದೆ.

ಮಗಳು ಹುಟ್ಟುವ ಮುಂಚೆ ನಾನು ಬೆಂಗಳೂರಿನ ಪೀಣ್ಯದಲ್ಲಿ ಗೇರ್ ಮಾಡುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿದ್ದೆ. ಸೇರಿ ಎರಡು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಫೀಸಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು, ಲಿನಕ್ಸಿನದು. ಗೇರಿನ ಡ್ರಾಯಿಂಗುಗಳೆಲ್ಲ ಅದರಲ್ಲೇ. ಅದನ್ನು ನೋಡಿಕೊಳ್ಳಲು ಲಗ್ಗೆರೆಯಿಂದ ಒಬ್ಬರು ಬರುತ್ತಿದ್ದರು. ಗದಗದ ಕಡೆಯವರು, ನಲವತ್ತರ ಆಸುಪಾಸು. ಲಗ್ಗೆರೆಯಲ್ಲಿ ಚಿಕ್ಕದೊಂದು ರಿಪೇರಿ ಅಂಗಡಿ. ನಮ್ಮ ಬೀದಿಯ ಐದಾರು ಕಾರ್ಖಾನೆಗಳ ಕಂಪ್ಯೂಟರು ಅವರ ಕೈಯಲ್ಲೇ ಇತ್ತು. ಎಲ್ಲರೂ ಅವರನ್ನು ಸಿಸ್ಟಮ್ ಅಕ್ಕ ಅನ್ನುತ್ತಿದ್ದರು. ಬಂದವರೇ ಚೀಲದಿಂದ ಬಟ್ಟೆ ತೆಗೆದು, ಕೀಬೋರ್ಡಿನ ಎಣ್ಣೆಜಿಡ್ಡು ಒರೆಸಿಯೇ ಕೂರುತ್ತಿದ್ದರು.

ಒಂದು ದಿನ ಊಟದ ಹೊತ್ತಿಗೆ ಅಪ್‌ಗ್ರೇಡ್ ಶುರುಮಾಡಿ, "ಮುಗಿಯೂತನಕ ಮುಟ್ಟಬ್ಯಾಡ ತಂಗಿ. ನಿಂತಂಗ ಕಾಣತೈತಿ, ಆದ್ರ ಒಳಗ ನಡದಿರತೈತಿ" ಎಂದು ಹೇಳಿ ಪಕ್ಕದ ಕಾರ್ಖಾನೆಗೆ ಹೋದರು. ಅಷ್ಟರಲ್ಲಿ ಮಾಲು ಒಯ್ಯುವ ಗಾಡಿಯವನು ಬಂದ. ಮಾಲಿನ ಜೊತೆ ಚಲನ್ ಪ್ರಿಂಟ್ ಮಾಡಿ ಕೊಡಬೇಕಿತ್ತು. "ಬೇಗ ಕೊಡಿ ಮೇಡಂ, ಅಲ್ಲಿ ಗೇಟ್ ಮುಚ್ಬಿಡ್ತಾರೆ" ಎಂದು ತಲೆ ತಿನ್ನತೊಡಗಿದ. ಪರದೆಯ ಮೇಲಿನ ಸಾಲು ಹತ್ತು ನಿಮಿಷದಿಂದ ಅಲ್ಲಾಡಿರಲಿಲ್ಲ. ಹ್ಯಾಂಗ್ ಆಗಿದೆ ಅಂದುಕೊಂಡು ಪವರ್ ಬಟನ್ ಒತ್ತಿಬಿಟ್ಟೆ.

ಕಂಪ್ಯೂಟರು ಮತ್ತೆ ಏಳಲಿಲ್ಲ. ಕಾರ್ಖಾನೆಯ ಯಜಮಾನರು ಬಂದು ಕೇಳಿದಾಗ ನನ್ನ ಬಾಯಿಗೆ ಬಂದದ್ದು, "ಯುಪಿಎಸ್ ಆಫ್ ಆಗೋಯ್ತು ಸಾರ್." ಆ ಯುಪಿಎಸ್ ಹಾಕಿಸಿಕೊಟ್ಟಿದ್ದು ಅಕ್ಕನೇ.

ಅಕ್ಕ ಬಂದು ಮೊದಲು ಯುಪಿಎಸ್ ನೋಡಿದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತರು. ನನ್ನ ಕಡೆ ತಿರುಗಿ, "ಹೋಗಿಲ್ಲ ತಂಗಿ, ಅರ್ಧಕ್ಕ ನಿಂತೈತಿ, ಅಷ್ಟ. ಮೊದಲ ಡ್ರಾಯಿಂಗ್ ಹೊರಗ ತಗಿಯೂಣು, ಆಮ್ಯಾಲ ರಿಪೇರಿ" ಅಂದರು. ಪೆನ್‌ಡ್ರೈವಿನಿಂದ ಅದನ್ನು ಎಬ್ಬಿಸಿ, ಪಾಠ ಹೇಳುವವರ ಹಾಗೆ ಒಂದೊಂದನ್ನೂ ತೋರಿಸುತ್ತ ಹೋದರು. ಎಲ್ಲಿಗೆ ನಿಂತಿದೆ ಎಂದು ತಿಳಿಯಲು ಲಾಗ್ ತೆರೆದರು. ಕಂಪ್ಯೂಟರು ತನ್ನಲ್ಲಿ ನಡೆದದ್ದನ್ನೆಲ್ಲ ಅದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪವರ್ ಬಟನ್ ಒತ್ತಲಾಗಿದೆ ಎಂಬ ಒಂದು ಸಾಲು, ಪಕ್ಕದಲ್ಲಿ ಗಂಟೆ, ನಿಮಿಷ. ಅವರೂ ಓದಿದರು, ಹಿಂದೆ ನಿಂತಿದ್ದ ನಾನೂ ಓದಿದೆ. ತಿರುಗಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಲಾಗ್ ಮುಚ್ಚಿ ಕೆಲಸ ಮುಂದುವರಿಸಿದರು.

ಐದು ಗಂಟೆಗೆ ಎಲ್ಲ ಮೊದಲಿನಂತಾಯಿತು. ಯಜಮಾನರ ಸಿಟ್ಟು ಮಾತ್ರ ಇಳಿಯಲಿಲ್ಲ. "ಕೆಲಸದ ಹೊತ್ತಲ್ಲಿ ಯಾರಾದ್ರೂ ಇದನ್ನ ಶುರು ಮಾಡ್ತಾರೇನ್ರೀ? ಅದೂ ಇಂಥ ಯುಪಿಎಸ್ ಇಟ್ಕೊಂಡು? ನಾಳೆಯಿಂದ ನೀವು ಬರೋದು ಬೇಡ."

"ಯುಪಿಎಸ್ ಚಲೋ ಐತ್ರಿ ಸರ" ಎಂದಷ್ಟೇ ಹೇಳಿ ಅವರು ಸ್ವಲ್ಪ ಹೊತ್ತು ನಿಂತರು. ನಾನು ಬಾಯಿ ಬಿಡಲಿ ಎಂದೇ ನಿಂತರೇನೋ... ನಾನು ಪ್ರಿಂಟರಿನ ಕಡೆ ತಿರುಗಿಕೊಂಡೆ. ಅವರು ಲಾಗ್ ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ.

ಮಾತು ಹಬ್ಬಿ, ಬೀದಿಯ ಉಳಿದ ಕಾರ್ಖಾನೆಯವರೂ ಒಬ್ಬೊಬ್ಬರಾಗಿ ಅಕ್ಕನನ್ನು ಕರೆಸುವುದು ಬಿಟ್ಟರು. ನನ್ನ ಕೆಲಸ ಕಾಯಂ ಆಯಿತು.

ಆಮೇಲೊಮ್ಮೆ ಅಕ್ಕ ಜಾಲಹಳ್ಳಿ ಕ್ರಾಸಿನ ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ದರು. ಅವರೇ ಮಾತಾಡಿಸಿದರು. "ಸಿಸ್ಟಮ್ ಚಂದ ನಡದೈತಿಲ್ಲ ತಂಗಿ? ಡ್ರಾಯಿಂಗ್ ಕಾಪಿ ತಗದಿಡ್ತೀಯಿಲ್ಲೋ?"

"ಹ್ಞೂಂ ಅಕ್ಕ" ಅಂದೆ. ಆಗಲೇ ಹೇಳಬಹುದಿತ್ತು. ಒಂದು ಬಸ್ಸು ಬಂತು. ಅದು ನಾನು ಹತ್ತಬೇಕಾದ ಬಸ್ಸಲ್ಲ. ಆದರೂ ಹತ್ತಿಬಿಟ್ಟೆ.

ಮಗಳು ಕೇಳಿದ ಮೇಲೆ ಮನಸ್ಸು ತಡೆಯದೆ ಭಾನುವಾರ ಲಗ್ಗೆರೆಗೆ ಹೋದೆ. ಅವರ ಅಂಗಡಿ ಇದ್ದಲ್ಲಿ ಈಗ ಬ್ಯೂಟಿ ಪಾರ್ಲರ್. ಪಕ್ಕದ ಟೈಲರು ಹೊಲಿಗೆ ನಿಲ್ಲಿಸಿ, "ಅವ್ರು ತೀರ್ಕೊಂಡು ಎರಡು ವರ್ಷ ಆಯ್ತಲ್ಲ ಮೇಡಂ. ನೀವೇನಾಗ್ಬೇಕು ಅವ್ರಿಗೆ?" ಎಂದು ಕೇಳಿದರು.

ಅಲ್ಲಿಂದ ನೇರ ಯಜಮಾನರ ಮನೆಗೆ ಹೋದೆ. ಕಾರ್ಖಾನೆ ಮಾರಿ ಮನೆಯಲ್ಲೇ ಇದ್ದಾರೆ, ವಯಸ್ಸಾಗಿದೆ. ಬಟನ್ ಒತ್ತಿದ್ದು ನಾನು, ಸುಳ್ಳು ಹೇಳಿದ್ದು ನಾನು ಎಂದು ಎಲ್ಲವನ್ನೂ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಯಾರಮ್ಮ ಅದು? ನಂಗೆ ಜ್ಞಾಪಕಕ್ಕೇ ಬರ್ತಿಲ್ವಲ್ಲ" ಅಂದರು.

ಏನೇನೋ ಗುರುತು ಹೇಳಿ ನೋಡಿದೆ. "ಇರಬಹುದು ಬಿಡು, ಈಗ್ಯಾಕೆ ಅದೆಲ್ಲ" ಎಂದು ಒಳಗೆ ಕಾಫಿಗೆ ಹೇಳಿದರು. ಕುಡಿದು ಎದ್ದು ಬಂದೆ.