ಒಂದೇ ಬೆರಳಿಗೆ ಎರಡು ಲೋಹ

ಉಂಗುರವೆಂದರೆ ದುಂಡಗಿರಬೇಕೆಂಬುದು ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ನನ್ನ ಅವ್ವನ ಬಂಗಾರದ ಉಂಗುರ ದುಂಡಗಿಲ್ಲ. ಅಂಗೈ ಕಡೆ ಬರುವ ಅದರ ಮಗ್ಗುಲು ಚಪ್ಪಟೆಯಾಗಿದೆ. ಗದಗಿನ ಮನೆಯಲ್ಲಿ ಮದುವೆಯಾಗಿ ಬಂದ ದಿನದಿಂದ ಕಣ್ಣು ಮಂಜಾಗುವ ತನಕ, ಅದನ್ನು ಬಲಗೈಯಿಂದ ಒಮ್ಮೆಯೂ ತೆಗೆಯದೆ, ಅವ್ವ ಜೋಳದ ರೊಟ್ಟಿ ಬಡಿದಳು. ಆ ರೊಟ್ಟಿ ತಿಂದ ನಾವು ಆ ಪೆಟ್ಟುಗಳನ್ನೆಲ್ಲ ಮರೆತೆವು, ಬಂಗಾರ ಮರೆಯಲಿಲ್ಲ. ಅವಳು ಹೋದ ಮೇಲೆ ನನಗೆ ಬಂದದ್ದು ಅದೊಂದೇ. ವಿಮಾ ಕಚೇರಿಯ ವರ್ಗಾವಣೆಯ ಮೇಲೆ ವಡೋದರಾಕ್ಕೆ ಬಂದು ಇಲ್ಲೇ ಬೇರೂರಿದ ನಾನು, ಊರು ನೆನಪಾದಾಗಲೆಲ್ಲ ಆ ಚಪ್ಪಟೆ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತೇನೆ. ನೀವು ನಗಬಹುದು, ನನಗೆ ಅದು ಅವ್ವನ ಕೈ ಹಿಡಿದಷ್ಟೇ ಸಮಾಧಾನ.

ಈ ಉಂಗುರ ಮದುವೆಯ ದಿನ ತನಗೆ ಬೇಕೆಂದು ಮಗಳು ಮೇಘನಾ ಕೇಳಿದಾಗ ಹಿಗ್ಗಿದೆ. ಇಲ್ಲೇ ಹುಟ್ಟಿ ಬೆಳೆದ, ಕನ್ನಡವನ್ನು ಸಾಲ ತಂದವಳಂತೆ ಅಳೆದು ಸುರಿದು ಆಡುವ ಹುಡುಗಿಗೆ ಅಜ್ಜಿಯ ನೆನಪು ಬೇಕಾಯಿತಲ್ಲ ಎಂದು. ಆದರೆ ಅವಳ ಬೆರಳಲ್ಲಿ ಆಗಲೇ ಒಂದು ಉಂಗುರವಿತ್ತು. ಅವಳು ಮೆಚ್ಚಿದ ಸೂರತ್ತಿನ ಹುಡುಗ ಜಿಗ್ನೇಶನ ತಂದೆ ರಮಣೀಕಭಾಯಿ ಆ ಊರಿನದೇ ಕೇರಿಯಾದ ಕತಾರ್‌ಗಾಮ್‌ನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವರು. ಜೀವಮಾನವಿಡೀ ಪರರ ಕಲ್ಲುಗಳಿಗೆ ಮಿಂಚು ಕೊಟ್ಟವರು, ಸೊಸೆಗೆಂದು ಮೊದಲ ಬಾರಿ ಸ್ವಂತದ್ದೊಂದು ಪುಟ್ಟ ಕಲ್ಲನ್ನು ಕೊಂಡು, ತಾವೇ ಮುಖಗಳನ್ನು ತೀಡಿ, ನಿಶ್ಚಿತಾರ್ಥಕ್ಕೆ ಪ್ಲಾಟಿನಂನಲ್ಲಿ ಕೂಡಿಸಿಕೊಟ್ಟಿದ್ದರು. ಗದಗಿನ ನನ್ನ ಚಿಕ್ಕಮ್ಮ ಫೋಟೋ ನೋಡಿ, "ಏನವಾ, ಬೀಗರು ಬೆಳ್ಳಿ ಉಂಗುರ ಹಾಕ್ಯಾರಲ್ಲ?" ಎಂದು ಕೇಳಿಯೇ ಬಿಟ್ಟಿದ್ದಳು. ಮೇಘನಾಳಿಗೆ ಎರಡೂ ಒಂದೇ ಬೆರಳಿಗೆ ಬೇಕು, ಒಂದರ ಪಕ್ಕ ಒಂದು, ದಿನವೂ.

ಹಾಗಾಗಿ ಮೇಘನಾ, ರಮಣೀಕಭಾಯಿ, ನಾನು ಕತಾರ್‌ಗಾಮ್‌ನ ಮುದುಕ ಅಕ್ಕಸಾಲಿ ಕಾಂತಿಕಾಕಾನ ಮುಂದೆ ಹೋಗಿ ಕುಳಿತೆವು. ಅವನು ಎರಡನ್ನೂ ಮಸೂರದಡಿ ಹಿಡಿದು ನೋಡಿ ತಲೆ ಅಲ್ಲಾಡಿಸಿದ. "ಬೇನ್, ಇದು ಗಟ್ಟಿ, ಅದು ಮೆತ್ತಗೆ. ಪಕ್ಕಪಕ್ಕದಲ್ಲಿ ಹಾಕಿದರೆ ದಿನಾ ಉಜ್ಜುತ್ತವೆ, ಸವೆಯುವುದು ಬಂಗಾರವೇ. ಕೆಲವು ವರ್ಷ ಹೋದರೆ ತಂತಿ ಉಳಿದೀತು." ಉಪಾಯವೊಂದಿತ್ತು: ಉಜ್ಜದಂತೆ ಎರಡನ್ನೂ ಬೆಸೆದುಬಿಡುವುದು. ಆದರೆ ಬೆಸೆಯಲು ಎರಡರ ಆಕಾರ ಒಂದೇ ಆಗಿರಬೇಕು. ಹಳೆಯದನ್ನು ಬಡಿದು ದುಂಡಗೆ ಮಾಡಿಕೊಳ್ಳುತ್ತೇನೆ ಎಂದು ಅವನು ಸಹಜವಾಗಿ ಸುತ್ತಿಗೆಗೆ ಕೈ ಚಾಚಿದ.

ಎರಡು ಪೆಟ್ಟು ಬಿದ್ದರೆ ಮುಗಿಯಿತು, ಅವ್ವನ ಕೈ ಈ ಲೋಕದಲ್ಲಿ ಬಿಟ್ಟುಹೋದ ಗುರುತು ಅಳಿದಂತೆಯೇ. ಬೇಡವೆಂದರೆ ಮಗಳ ಆಸೆಗೆ ಅಡ್ಡ ಬಂದಂತೆ, ಬೀಗರೆದುರು ಸಣ್ಣವಳಾದಂತೆ. ಅವನ ಕೈಯಲ್ಲಿದ್ದ ಉಂಗುರವನ್ನೇ ನೋಡುತ್ತಿದ್ದೆ.

ಆಗಲೇ, ವಿಚಿತ್ರ ನೋಡಿ, ನನ್ನ ಕಣ್ಣು ನನ್ನ ಮೇಲೇ ಹರಿಯಿತು. ಕೊರಳಲ್ಲಿ ಬಂಗಾರದ ತಾಳಿ, ಕಾಲಲ್ಲಿ ಬೆಳ್ಳಿಯ ಕಾಲುಂಗುರ. ಬಂಗಾರ ಲಕ್ಷ್ಮಿ, ಕಾಲಿಗೆ ಸಲ್ಲದು ಎಂದು ನಮ್ಮವರು ಯಾವ ಕಾಲದಲ್ಲೋ ಒಬ್ಬ ಹೆಣ್ಣಿನ ಮದುವೆಯನ್ನು ಎರಡು ಲೋಹಗಳಿಗೆ ಹಂಚಿಕೊಟ್ಟಿದ್ದರು. ನಾನು ಇಷ್ಟು ವರ್ಷ ಅವೆರಡನ್ನೂ ಹೊತ್ತು ತಿರುಗಿಯೂ ಅದನ್ನು ಬೆರಕೆಯೆಂದು ಎಣಿಸಿರಲಿಲ್ಲ. ತಾಳಿಯಾದರೂ ಬರಿಯ ಬಂಗಾರವೇ? ಅಪ್ಪಟ ಚಿನ್ನ ಸ್ವಲ್ಪ ಬಿಗಿಯಾಗಿ ಒತ್ತಿದರೂ ತಗ್ಗು ಬೀಳುವಷ್ಟು ಮೃದು. ಚಿಟಿಕೆ ತಾಮ್ರವೋ ಬೆಳ್ಳಿಯೋ ಒಳಸೇರಿದ ಮೇಲೇ ಅದಕ್ಕೆ ಸಂಸಾರ ತಡೆಯುವ ಕಸುವು. ನೆಲದಾಳದಲ್ಲಿ ಒಂದೊಂದು ಒಂದೊಂದು ಕಡೆ, ಒಂದರ ಸುದ್ದಿ ಇನ್ನೊಂದಕ್ಕಿಲ್ಲದೆ ಮಲಗಿದ್ದ ಈ ಲೋಹಗಳು ಕೊನೆಗೆ ಬಂದು ಸೇರುವುದು ಒಂದು ಹೆಣ್ಣಿನ ಮೈಮೇಲೆ ಎಂಬುದನ್ನು ನೆನೆದು, ಆ ಆತಂಕದ ನಡುವೆಯೂ ನನಗೆ ರೋಮಾಂಚವಾಯಿತು.

ಮೇಘನಾ ನನ್ನ ಮುಖ ನೋಡಿದಳು. ಆಮೇಲೆ ಅಕ್ಕಸಾಲಿಯ ಕೈ ತಡೆದು, "ಅವ್ವಾ, ಅಜ್ಜೀದು ರೌಂಡ್ ಮಾಡೋದು ಬ್ಯಾಡ. ನಂದಽ ಬೆಂಡ್ ಮಾಡ್ಲಿ," ಎಂದಳು. ಅದನ್ನೇ ಗುಜರಾತಿಯಲ್ಲಿ ಮಾವನಿಗೂ ಹೇಳಿದಳು.

ರಮಣೀಕಭಾಯಿ ಸೊಸೆಗಾಗಿ ಮಾಡಿಸಿದ ಹೊಚ್ಚ ಹೊಸ ಉಂಗುರ ಅದು. ಅದನ್ನು ಸೊಟ್ಟ ಮಾಡಿರೆಂದು ಅವರೆದುರೇ ಹೇಳುವುದೆಂದರೇನು! ಅವರು ಅವ್ವನ ಉಂಗುರವನ್ನೆತ್ತಿ, ಕಲ್ಲು ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು, ಚಪ್ಪಟೆ ಮಗ್ಗುಲನ್ನು ಮುಟ್ಟಿ ನೋಡಿ, ಹೇಗಾಯಿತೆಂದು ಕೇಳಿದರು. ಬಾ ಬಡಿದ ರೊಟ್ಟಿಯಿಂದ, ಎಂದೆ, ಅವ್ವನಿಗೆ ಗುಜರಾತಿಯಲ್ಲಿ ಹೇಳುವಂತೆ. ಅವರು ತಮ್ಮ ಬೆರಳ ತುದಿಗಳನ್ನು ನನ್ನ ಮುಂದೆ ಹಿಡಿದರು. ಸಾಣೆಯ ಕೆಲಸದಲ್ಲಿ ನುಣ್ಣಗೆ ಸವೆದು, ಗೆರೆಗಳೇ ಉಳಿದಿರಲಿಲ್ಲ. "ಬಗ್ಗಿಸು ಕಾಂತಿಕಾಕಾ," ಎಂದರು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕೇಳಿ ಬೆಳೆದ ನಾನು ಕುಳಿತಲ್ಲಿಂದ ಏಳಲಿಲ್ಲ. ಆದರೆ ಕಾವಲಿಗೆಂದು ಕುಳಿತವಳು ಕೈ ಮುಗಿಯುವಂತಾದೆ. ಕಾಂತಿಕಾಕಾ ಮೊದಲು ಕಲ್ಲನ್ನು ಬಿಡಿಸಿ ಬಟ್ಟಲಲ್ಲಿಟ್ಟ. ಪ್ಲಾಟಿನಂ ಉಂಗುರವನ್ನು ಮರದ ಸುತ್ತಿಗೆಯಿಂದ ಹದವಾಗಿ ತಟ್ಟಿ ತಟ್ಟಿ, ಅವ್ವನ ಉಂಗುರದ ಪಕ್ಕಕ್ಕೆ ಹಿಡಿದು ನೋಡಿ, ಮತ್ತೆ ತಟ್ಟಿದ. ಎರಡನ್ನೂ ಒತ್ತಿಟ್ಟು, ಬೆಸುಗೆಯ ಚೂರುಗಳನ್ನು ನಡುವೆ ಇಟ್ಟು ಜ್ವಾಲೆ ಹಾಯಿಸಿದ. ಬಂಗಾರ ಕೆಂಪಾಯಿತು, ಪ್ಲಾಟಿನಂ ಕೆಂಪಾಯಿತು. ಒಂದು ಕ್ಷಣ ಯಾವುದು ಅವ್ವನದು, ಯಾವುದು ಬೀಗರದು ಎಂದು ನನಗೇ ತಿಳಿಯಲಿಲ್ಲ. ಬೆಸುಗೆ ಕರಗಿ, ಮಡಿಯಲ್ಲಿ ನೀರು ಹರಿದಂತೆ, ಎರಡರ ನಡುವೆ ಸುತ್ತಲೂ ಸರ್ರನೆ ಓಡಿತು. ಅಷ್ಟು ಸುಂದರವಾದದ್ದನ್ನು ನಾನು ಹೆಚ್ಚು ನೋಡಿಲ್ಲ. ಆರಿದ ಮೇಲೆ ಹಳದಿ ಹಳದಿಯಾಗಿಯೇ, ಬಿಳಿ ಬಿಳಿಯಾಗಿಯೇ ಇತ್ತು. ಬಿಡಿಸಲು ಮಾತ್ರ ಬರುವಂತಿರಲಿಲ್ಲ.

ಕಲ್ಲನ್ನು ಮತ್ತೆ ಕೂಡಿಸಿ ಕೊಟ್ಟಾಗ ಮೇಘನಾ ಅದನ್ನು ಬೆರಳಿಗೇರಿಸಿ ಕೈ ಜಾಡಿಸಿದಳು. ನಿಶ್ಚಿತಾರ್ಥದ ದಿನದಿಂದ ಅವಳಿಗೊಂದು ಕಿರಿಕಿರಿಯಿತ್ತಂತೆ, ಮಾವ ಬೇಸರಪಟ್ಟಾರೆಂದು ಹೇಳಿರಲಿಲ್ಲ: ಕಲ್ಲಿನ ಭಾರಕ್ಕೆ ಉಂಗುರ ತಿರುಗಿ, ವಜ್ರ ಸದಾ ಅಂಗೈಯೊಳಗೆ ಅಡಗುತ್ತಿತ್ತು. ಈಗ ಎಷ್ಟು ಜಾಡಿಸಿದರೂ ಅದು ಮೇಲೆಯೇ ನಿಂತಿತು. ರಮಣೀಕಭಾಯಿ ತಾವೇ ಉಂಗುರವನ್ನು ಹಿಡಿದು ಮೆಲ್ಲಗೆ ತಿರುಗಿಸಲು ನೋಡಿದರು. ಕೆಳಗಿನ ಚಪ್ಪಟೆ ಮಗ್ಗುಲು ಬೆರಳಿಗೆ ಅಂಟಿ ಕುಳಿತು ಕದಲಲಿಲ್ಲ.

"ನಿಮ್ಮ ಬಾ ಹಿಡಿದುಕೊಂಡಿದ್ದಾರೆ ಬೇನ್," ಎಂದರು ಅವರು. "ಇನ್ನು ತಿರುಗುವುದಿಲ್ಲ."